ಒಂದೇ ವಿಳಾಸಕ್ಕೆ ಇಬ್ಬರು: ಐಪಿ ತಿಕ್ಕಾಟದ ಇತಿಹಾಸ

ಐಪಿವಿ4 ಎಂಬ ಹಳೆಯ ರೂಪದಲ್ಲಿ ಐಪಿ ವಿಳಾಸವೆಂದರೆ 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಅನುಕೂಲವಾಗಲೆಂದು ಅದನ್ನು 192.168.1.5 ಎಂಬಂತೆ ನಾಲ್ಕು ಭಾಗ ಮಾಡಿ, ನಡುವೆ ಚುಕ್ಕಿಯಿಟ್ಟು ಬರೆಯುತ್ತಾರೆ. ಜಾನ್ ಪೋಸ್ಟೆಲ್ ಸಂಪಾದಿಸಿ 1981ರ ಸೆಪ್ಟೆಂಬರಿನಲ್ಲಿ ಹೊರತಂದ ಆರ್‌ಎಫ್‌ಸಿ 791 ಎಂಬ ದಾಖಲೆ ಈ ವಿಳಾಸದ ರೂಪವನ್ನು ಗೊತ್ತುಮಾಡಿತು. ಒಂದು ಜಾಲದೊಳಗೆ ಒಂದು ವಿಳಾಸ ಒಂದೇ ಯಂತ್ರಕ್ಕೆ ಸೇರಿರಬೇಕು ಎಂಬುದರ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆದರೆ ಆ ನಿಯಮವನ್ನು ಕಾಯುವ ಏರ್ಪಾಡು ವಿಳಾಸದೊಳಗೆ ಇಲ್ಲ. ಯಾರು ಬೇಕಾದರೂ ಯಾವ ಸಂಖ್ಯೆಯನ್ನಾದರೂ ತಮ್ಮ ಯಂತ್ರಕ್ಕೆ ಕೊಟ್ಟುಕೊಳ್ಳಬಹುದು. ಮನೆಯ ವೈಫೈಯಲ್ಲಿ ಇಂದಿಗೂ ತಲೆಯೆತ್ತುವ ‘ಐಪಿ ಕಾನ್‌ಫ್ಲಿಕ್ಟ್’ ತೊಂದರೆಯ ಬೇರು ಅಲ್ಲಿದೆ. ಸಂಖ್ಯೆಗಳ ಲೆಕ್ಕ ಇಡುವವರು ಯಾರೂ ಇಲ್ಲದಾಗ, ಅಥವಾ ಒಬ್ಬರಿಗಿಂತ ಹೆಚ್ಚಾದಾಗ, ಈ ತಿಕ್ಕಾಟ ಹುಟ್ಟುತ್ತದೆ.

ಮೊದಲ ವರ್ಷಗಳಲ್ಲಿ ಲೆಕ್ಕ ಇಡುವವರು ಮನುಷ್ಯರೇ ಆಗಿದ್ದರು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾದಾಗ ಜಾಲದ ಸಂಖ್ಯೆಗಳನ್ನು ಹಂಚುವ ಹೊಣೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯೊಂದರಲ್ಲಿದ್ದ ಪೋಸ್ಟೆಲ್ ಅವರದಾಗಿತ್ತು. ಯಂತ್ರಗಳ ಹೆಸರು ಮತ್ತು ವಿಳಾಸಗಳ ಪಟ್ಟಿಯನ್ನು ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಒಂದೇ ಕಡತದಲ್ಲಿ ಬರೆದಿಟ್ಟಿತ್ತು. ಹೊಸ ಯಂತ್ರ ಸೇರಿದರೆ ಆ ತಂಡಕ್ಕೆ ತಿಳಿಸಬೇಕು. ಅವರು ಪಟ್ಟಿ ತಿದ್ದುತ್ತಾರೆ. ಉಳಿದವರೆಲ್ಲ ಆ ಪಟ್ಟಿಯನ್ನು ಇಳಿಸಿಕೊಳ್ಳುತ್ತಾರೆ. ಯಂತ್ರಗಳು ನೂರರ ಲೆಕ್ಕದಲ್ಲಿದ್ದ ಕಾಲಕ್ಕೆ ಇಷ್ಟು ಸಾಕಾಗಿತ್ತು.

ಈಥರ್ನೆಟ್ ಬಂದ ಮೇಲೆ ಸಂಗತಿ ಬದಲಾಯಿತು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸಲು ತೊಡಗಿದ ಈ ತಂತ್ರದಲ್ಲಿ ಒಂದೇ ತಂತಿಗೆ ಹತ್ತಾರು ಕಂಪ್ಯೂಟರ್‌ಗಳು ಅಂಟಿಕೊಂಡಿರುತ್ತವೆ. 1980ರ ಮಾನದಂಡದ ಪ್ರಕಾರ ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ 48 ಬಿಟ್‌ಗಳ ಒಂದು ಗುರುತು ಬರೆದಿರುತ್ತದೆ. ಇಂದು ಮ್ಯಾಕ್ ವಿಳಾಸ ಎನ್ನುವುದು ಇದನ್ನೇ. ತಂತಿಯ ಮೇಲೆ ಸಾಗುವ ಮಾಹಿತಿಗೆ ಬೇಕಾದದ್ದು ಮ್ಯಾಕ್ ವಿಳಾಸ, ಕಳಿಸುವವರ ಕೈಯಲ್ಲಿರುವುದು ಐಪಿ ವಿಳಾಸ. ಇವೆರಡನ್ನೂ ಜೋಡಿಸುವ ವಿಧಾನವನ್ನು ಡೇವಿಡ್ ಪ್ಲಮರ್ 1982ರ ನವೆಂಬರಿನಲ್ಲಿ ಆರ್‌ಎಫ್‌ಸಿ 826ರಲ್ಲಿ ಬರೆದರು. ಎಆರ್‌ಪಿ ಎಂದು ಹೆಸರಾದ ಈ ವಿಧಾನ ಬಹಳ ಸರಳ. ‘ಈ ಐಪಿ ವಿಳಾಸ ಯಾರದು?’ ಎಂದು ಒಂದು ಯಂತ್ರ ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕುತ್ತದೆ. ಆ ವಿಳಾಸದ ಯಂತ್ರ ‘ನನ್ನದು’ ಎಂದು ತನ್ನ ಮ್ಯಾಕ್ ವಿಳಾಸವನ್ನು ತಿಳಿಸುತ್ತದೆ. ಕೇಳಿದ ಯಂತ್ರ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ.

ಎಆರ್‌ಪಿ ಯಾರನ್ನೂ ಅನುಮಾನಿಸುವುದಿಲ್ಲ. ಬಂದ ಉತ್ತರವನ್ನೆಲ್ಲ ನಂಬುತ್ತದೆ, ಹೊಸ ಉತ್ತರ ಬಂದರೆ ಹಳೆಯದನ್ನು ಅಳಿಸುತ್ತದೆ. ಎರಡು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಇದ್ದರೆ ಎರಡೂ ‘ನನ್ನದು’ ಎನ್ನುತ್ತವೆ, ಕೊನೆಗೆ ಬಂದ ಮಾತು ನಿಲ್ಲುತ್ತದೆ. ಕೆಲವು ನಿಮಿಷ ಮಾಹಿತಿ ಒಂದು ಯಂತ್ರಕ್ಕೆ ಹೋಗುತ್ತದೆ, ಮತ್ತೆ ಕೆಲವು ನಿಮಿಷ ಇನ್ನೊಂದಕ್ಕೆ. ಈ ತೊಂದರೆಯನ್ನು ಪತ್ತೆ ಹಚ್ಚುವುದು ಕಷ್ಟವಾಗಿರುವುದೂ ಇದರಿಂದಲೇ. ಸಂಪರ್ಕ ಪೂರ್ತಿ ಸತ್ತರೆ ಕಾರಣ ಹುಡುಕಬಹುದು. ಬಂದು ಹೋಗಿ ಮಾಡುವಾಗ ಜನ ಮೊದಲು ತಂತಿಯನ್ನು, ಆಮೇಲೆ ಮೋಡೆಮನ್ನು, ಕೊನೆಗೆ ಸೇವೆ ಕೊಡುವ ಕಂಪನಿಯನ್ನು ದೂರುತ್ತಾರೆ. ಬಿಎಸ್‌ಡಿ ಯುನಿಕ್ಸ್ ಬರೆದವರು ಇದಕ್ಕೊಂದು ಉಪಾಯ ಹೂಡಿದರು. ಯಂತ್ರ ಚಾಲೂ ಆದೊಡನೆ ತನ್ನದೇ ವಿಳಾಸದ ಬಗ್ಗೆ ಜಾಲದಲ್ಲಿ ಪ್ರಶ್ನೆ ಹಾಕುತ್ತದೆ. ಬೇರೆ ಯಾರಾದರೂ ಉತ್ತರ ಕೊಟ್ಟರೆ, ವಿಳಾಸ ಎರಡು ಕಡೆ ಇದೆ ಎಂದು ಎದುರಾಳಿಯ ಈಥರ್ನೆಟ್ ವಿಳಾಸದ ಸಮೇತ ದಾಖಲೆಯಲ್ಲಿ ಬರೆಯುತ್ತದೆ. ವಿಂಡೋಸ್ ಬಳಸಿದವರಿಗೆಲ್ಲ ಪರಿಚಿತವಾದ ಎಚ್ಚರಿಕೆಯ ಚೌಕ ಇದರ ನಂತರದ ಪೀಳಿಗೆ.

ವಿಳಾಸವನ್ನು ಯಂತ್ರವೇ ಕೇಳಿ ಪಡೆಯಬೇಕೆಂಬ ಯೋಚನೆ ಹುಟ್ಟಿದ್ದು ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳಿಂದ. ಅವಕ್ಕೆ ತಮ್ಮ ವಿಳಾಸವನ್ನು ನೆನಪಿಟ್ಟುಕೊಳ್ಳಲು ಜಾಗವೇ ಇರಲಿಲ್ಲ. 1984ರಲ್ಲಿ ಸ್ಟ್ಯಾನ್‌ಫರ್ಡ್ ತಂಡದ ಆರ್‌ಎಆರ್‌ಪಿ, 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಅವರ ಬೂಟ್‌ಪಿ ಈ ಕೊರತೆ ನೀಗಿಸಿದವು. ಆದರೂ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಸರ್ವರ್‌ನಲ್ಲಿ ಕೈಯಾರೆ ಬರೆಯಬೇಕಿತ್ತು. ಆಪಲ್ ಕಂಪನಿ ಬೇರೆಯೇ ದಾರಿ ಹಿಡಿಯಿತು. 1985ರಲ್ಲಿ ಬಂದ ಅದರ ಆಪಲ್‌ಟಾಕ್ ಜಾಲದಲ್ಲಿ ಸರ್ವರ್ ಕೂಡ ಬೇಡ, ಪಟ್ಟಿಯೂ ಬೇಡ. ಯಂತ್ರ ತಾನೇ ಒಂದು ಸಂಖ್ಯೆ ಆರಿಸಿಕೊಂಡು, ಇದನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಇಟ್ಟುಕೊಳ್ಳುತ್ತದೆ. ಸೇರುವ ಮುನ್ನ ಕೇಳುವ ಈ ಕ್ರಮ ಐಪಿ ಲೋಕಕ್ಕೆ ತಲುಪಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ತಡವಾದದ್ದಕ್ಕೆ ಮನೆಮನೆಯ ಜಾಲಗಳೂ ಬೆಲೆ ತೆತ್ತಿವೆ.

1993ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್, ಯಂತ್ರಗಳಿಗೆ ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ವಿಧಾನದ ಮೊದಲ ದಾಖಲೆಯನ್ನು ಹೊರತಂದರು. ಇಂದಿಗೂ ಬಳಕೆಯಲ್ಲಿರುವ ರೂಪ 1997ರ ಮಾರ್ಚಿನ ಆರ್‌ಎಫ್‌ಸಿ 2131ರದು. ಇದರಲ್ಲಿ ವಿಳಾಸ ಯಾರಿಗೂ ಸ್ವಂತವಲ್ಲ, ಇಂತಿಷ್ಟು ಹೊತ್ತಿನ ಲೀಸಿಗೆ ಸಿಗುತ್ತದೆ. ಹೊಸ ಯಂತ್ರ ಸರ್ವರ್ ಎಲ್ಲಿದೆಯೆಂದು ಕೂಗುತ್ತದೆ, ಸರ್ವರ್ ಒಂದು ವಿಳಾಸ ಮುಂದಿಡುತ್ತದೆ, ಯಂತ್ರ ಅದನ್ನು ಬೇಡುತ್ತದೆ, ಸರ್ವರ್ ಒಪ್ಪುತ್ತದೆ. ತಿಕ್ಕಾಟದ ಸಾಧ್ಯತೆಯನ್ನೂ ಡ್ರೋಮ್ಸ್ ಮರೆತಿರಲಿಲ್ಲ. ಕೊಡುವ ಮುನ್ನ ಆ ವಿಳಾಸಕ್ಕೆ ಪಿಂಗ್ ಮಾಡಿ ನೋಡಬೇಕೆಂದು ಸರ್ವರ್‌ಗೆ, ಪಡೆದ ಮೇಲೆ ಎಆರ್‌ಪಿಯಿಂದ ಪರೀಕ್ಷಿಸಬೇಕೆಂದು ಯಂತ್ರಕ್ಕೆ ದಾಖಲೆ ಸೂಚಿಸುತ್ತದೆ. ಬೇರೆಯವರ ಬಳಿ ಇದೆಯೆಂದು ತಿಳಿದರೆ ಬೇಡವೆಂದು ಹಿಂತಿರುಗಿಸುವ ಸಂದೇಶವೂ ಅದರಲ್ಲಿ ಇದೆ. ಪರೀಕ್ಷೆಗೆ ತಗಲುವ ಕ್ಷಣಗಳನ್ನು ಉಳಿಸಲು ಎಷ್ಟೋ ಅಗ್ಗದ ಉಪಕರಣಗಳು ಮುಂದೆ ಇವನ್ನು ಕೈಬಿಟ್ಟವು.

ಇದೇ ಹೊತ್ತಿಗೆ ಇನ್ನೊಂದು ವಾದ ಎದ್ದಿತ್ತು, ಮನೆಯ ಜಾಲದ ಹಣೆಬರಹ ನಿರ್ಧಾರವಾದದ್ದು ಅದರಲ್ಲಿ. 32 ಬಿಟ್‌ಗಳಲ್ಲಿ ಹಿಡಿಸುವುದು ಸುಮಾರು 429 ಕೋಟಿ ವಿಳಾಸಗಳು. ಅವು ಮುಗಿಯುವ ದಿನ ದೂರವಿಲ್ಲವೆಂದು 1990ರ ದಶಕದ ಆರಂಭಕ್ಕೇ ಗೊತ್ತಾಗಿತ್ತು. ಹೊರಗಿನ ಜಾಲಕ್ಕೆ ಸೇರದವರು ಮನಸ್ಸಿಗೆ ಬಂದ ಸಂಖ್ಯೆ ಬಳಸುವುದೂ ನಡೆದಿತ್ತು. ಸನ್ ಕಂಪನಿಯ ಕೈಪಿಡಿಯಲ್ಲಿ ಉದಾಹರಣೆಗೆಂದು ಕೊಟ್ಟಿದ್ದ 192.9.200ರಿಂದ ಶುರುವಾಗುವ ವಿಳಾಸಗಳನ್ನೇ ಅನೇಕರು ಹಾಗೆಹಾಗೇ ನಕಲು ಮಾಡಿಕೊಂಡಿದ್ದರು. 1994ರ ಮಾರ್ಚಿನಲ್ಲಿ ಯಾಕೊವ್ ರೆಕ್ಟರ್ ಮತ್ತು ಮೂವರು ಸಂಗಡಿಗರು ಆರ್‌ಎಫ್‌ಸಿ 1597ರಲ್ಲಿ ಒಂದು ಸಲಹೆ ಮುಂದಿಟ್ಟರು: ಮೂರು ಗುಂಪು ವಿಳಾಸಗಳನ್ನು ಖಾಸಗಿ ಬಳಕೆಗೆ ಬಿಟ್ಟುಬಿಡೋಣ, ಯಾರೂ ಯಾರನ್ನೂ ಕೇಳದೆ ಬಳಸಲಿ. ಅವುಗಳಲ್ಲಿ 10ರಿಂದ ಆರಂಭವಾಗುವ ದೊಡ್ಡ ಗುಂಪು ಹಿಂದೆ ಅರ್ಪಾನೆಟ್‌ನದಾಗಿತ್ತು. 1990ರಲ್ಲಿ ಅರ್ಪಾನೆಟ್ ನಿಂತುಹೋದ ಮೇಲೆ ಆ ಸಂಖ್ಯೆ ಖಾಲಿ ಬಿದ್ದಿತ್ತು. ಇನ್ನೊಂದು ಗುಂಪು 192.168ರದು.

ನಾಲ್ಕೇ ತಿಂಗಳಲ್ಲಿ ಎದುರು ವಾದ ಬಂತು. ಎಲಿಯಟ್ ಲಿಯರ್ ಮತ್ತು ಇತರ ಮೂವರು 1994ರ ಜುಲೈಯಲ್ಲಿ ಬರೆದ ಆರ್‌ಎಫ್‌ಸಿ 1627, ಹತ್ತನೆಯ ಸಂಖ್ಯೆಯ ಜಾಲ ಹಾನಿಕರವೆಂದು ತಲೆಬರಹದಲ್ಲೇ ಸಾರಿತು. ಜಗತ್ತಿನಲ್ಲೆಲ್ಲ ವಿಳಾಸ ಒಂದೇ ಒಂದು ಎಂಬ ಭರವಸೆ ಹೋದರೆ, ಇಂದು ಬೇರೆಬೇರೆ ಇರುವ ಎರಡು ಜಾಲಗಳು ನಾಳೆ ಕೂಡಿಕೊಂಡಾಗ ಗೊಂದಲವಾಗುತ್ತದೆ ಎಂಬುದು ಅವರ ಆತಂಕ. 1996ರ ಫೆಬ್ರವರಿಯಲ್ಲಿ ಅಂತಿಮವಾಗಿ ಬಂದ ಆರ್‌ಎಫ್‌ಸಿ 1918ರ ಲೇಖಕರಲ್ಲಿ ಲಿಯರ್ ಹೆಸರೂ ಇದೆ. ಆ ದಾಖಲೆ ಅವರ ಎಚ್ಚರಿಕೆಯನ್ನು ಒಳಗೊಂಡಿತು. ಖಾಸಗಿ ಗುಂಪಿನಿಂದ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳಿ ಎಂದೂ ಹೇಳಿತು. ಈ ಒಂದು ಮಾತನ್ನು ರೂಟರ್ ತಯಾರಕರು ಕೇಳಿದ್ದರೆ ಮುಂದಿನ ಎಷ್ಟೋ ಕಷ್ಟ ತಪ್ಪುತ್ತಿತ್ತು.

ಅವರು ಕೇಳಲಿಲ್ಲ. ಡಯಲ್‌ಅಪ್ ಕಾಲದಲ್ಲಿ ಮನೆಗೊಂದೇ ಕಂಪ್ಯೂಟರ್ ಇದ್ದು, ಕರೆ ಕೂಡಿದಾಗ ಕಂಪನಿಯೇ ವಿಳಾಸ ಕೊಡುತ್ತಿದ್ದುದರಿಂದ ಮನೆಯೊಳಗೆ ತಿಕ್ಕಾಟದ ಪ್ರಶ್ನೆಯೇ ಇರಲಿಲ್ಲ. ಎರಡನೆಯ ಕಂಪ್ಯೂಟರ್ ಬಂದಾಗ ಪ್ರಶ್ನೆ ಎದ್ದಿತು. ಒಂದು ಸಾರ್ವಜನಿಕ ವಿಳಾಸವನ್ನು ಹಲವರು ಹಂಚಿಕೊಳ್ಳುವ ನ್ಯಾಟ್ ವಿಧಾನವನ್ನು 1994ರ ಮೇಯಲ್ಲೇ ಎಗೆವಾಂಗ್ ಮತ್ತು ಫ್ರಾನ್ಸಿಸ್ ವಿವರಿಸಿದ್ದರು. 1999ರ ವಿಂಡೋಸ್ 98 ಎರಡನೆಯ ಆವೃತ್ತಿ ಅದನ್ನು ಮನೆಯ ಕಂಪ್ಯೂಟರಿಗೆ ತಂದಿತು, ಹಂಚುವ ಯಂತ್ರಕ್ಕೆ 192.168.0.1 ಎಂಬ ವಿಳಾಸವನ್ನು ಕಾಯಂ ಮಾಡಿತು. ಲಿಂಕ್‌ಸಿಸ್ ಪೆಟ್ಟಿಗೆಗಳು 192.168.1.1 ಎಂದು ಹೊರಬಂದವು, ಡಿ-ಲಿಂಕ್ ಪೆಟ್ಟಿಗೆಗಳು 192.168.0.1 ಎಂದು. 65,536 ವಿಳಾಸಗಳ ಗುಂಪು ಕೈಯಲ್ಲಿದ್ದೂ ಜಗತ್ತಿನ ಬಹುಪಾಲು ಮನೆಗಳು ಈ ಎರಡು ಓಣಿಗಳಲ್ಲೇ ಕಿಕ್ಕಿರಿದವು.

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರ. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಒಂದು ಸಂಪರ್ಕವನ್ನು ಹಲವು ಕಂಪ್ಯೂಟರ್‌ಗಳು ಹಂಚಿಕೊಳ್ಳುವುದನ್ನು ಇಲ್ಲಿಯ ಜನ ಮೊದಲು ಕಂಡದ್ದು ಬಹುಮಟ್ಟಿಗೆ ಸೈಬರ್ ಕೆಫೆಗಳಲ್ಲಿ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇಯ ಮೊದಲ ಅಂಗಡಿಯೂ ಅಂಥದೇ. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಹರಡಿದ್ದು 2005ರ ನಂತರ, ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂದಾಗ. ಅದರ ಬೆನ್ನಿಗೇ ವೈಫೈ ಬೇಕೆಂದು ಜನ ಅಂಗಡಿಯಿಂದ ಇನ್ನೊಂದು ರೂಟರ್ ತಂದು ಮೋಡೆಮಿಗೆ ಸಿಕ್ಕಿಸಿದರು. ಆಗ ಮನೆಯಲ್ಲಿ ಎರಡು ಡಿಎಚ್‌ಸಿಪಿ ಸರ್ವರ್‌ಗಳಾದವು. ಒಂದೇ ಊರಿನ ಜಮೀನಿಗೆ ಇಬ್ಬರು ಶಾನುಭೋಗರು ಒಬ್ಬರಿಗೊಬ್ಬರು ತಿಳಿಸದೆ ಪಹಣಿ ಬರೆದಂತೆ, ಎರಡೂ ಅದೇ 192.168.1 ಸಾಲಿನ ವಿಳಾಸಗಳನ್ನು ಹಂಚತೊಡಗಿದವು. ಎರಡು ಪೆಟ್ಟಿಗೆಗಳೂ 192.168.1.1 ಆಗಿದ್ದಲ್ಲಿ ಸ್ಥಿತಿ ಇನ್ನೂ ಹದಗೆಡುತ್ತಿತ್ತು. ಹೊರಹೋಗುವ ಬಾಗಿಲೇ ಎರಡಾಗಿ ಇಡೀ ಮನೆಯ ಸಂಪರ್ಕ ತೂಗಾಡುತ್ತಿತ್ತು.

ಕಾರಣಗಳು ಇಷ್ಟಕ್ಕೇ ಮುಗಿಯಲಿಲ್ಲ. ಪ್ರಿಂಟರ್, ಸಿಸಿಟಿವಿಯ ಡಿವಿಆರ್ ಮುಂತಾದವಕ್ಕೆ ಅಳವಡಿಸುವವರು ಕಾಯಂ ವಿಳಾಸ ಬರೆದು ಹೋಗುತ್ತಾರೆ. ರೂಟರ್‌ಗೆ ಆ ಸುದ್ದಿ ಗೊತ್ತಿಲ್ಲ. ಒಂದು ದಿನ ಅದೇ ವಿಳಾಸವನ್ನು ಅದು ಅತಿಥಿಯ ಫೋನಿಗೆ ಕೊಡುತ್ತದೆ. ಲಿಂಕ್‌ಸಿಸ್‌ನಂಥ ರೂಟರ್‌ಗಳು 100ರಿಂದ 149ರವರೆಗಿನ ಸಂಖ್ಯೆಗಳನ್ನಷ್ಟೇ ಹಂಚಿ ಉಳಿದದ್ದನ್ನು ಕಾಯಂ ವಿಳಾಸಗಳಿಗೆ ಬಿಟ್ಟಿದ್ದವು, ಅದು ಒಳ್ಳೆಯ ಯೋಚನೆ. ಕರೆಂಟು ಹೋಗುವ ಊರುಗಳಲ್ಲಿ ಇನ್ನೊಂದು ಕಾರಣವೂ ಸೇರಿತು. ಲೀಸಿನ ಪಟ್ಟಿ ಸರ್ವರ್ ಮತ್ತೆ ಚಾಲೂ ಆದರೂ ಉಳಿದಿರಬೇಕೆಂದು ಆರ್‌ಎಫ್‌ಸಿ 2131 ಹೇಳಿದ್ದರೂ, ಅಗ್ಗದ ರೂಟರ್‌ಗಳು ಅದನ್ನು ತಾತ್ಕಾಲಿಕ ಮೆಮೊರಿಯಲ್ಲೇ ಇಡುತ್ತವೆ. ರೂಟರ್ ಆರಿ ಹೊತ್ತಿಕೊಂಡಾಗ ಅದಕ್ಕೆ ಹಿಂದಿನದು ನೆನಪಿರುವುದಿಲ್ಲ. ಯುಪಿಎಸ್ ಬಲದಲ್ಲಿ ಉಳಿದಿದ್ದ ಕಂಪ್ಯೂಟರ್ ಮಾತ್ರ ಹಳೆಯ ವಿಳಾಸವನ್ನು ಹಿಡಿದೇ ಇರುತ್ತದೆ.

ಪರಿಹಾರದ ಕ್ರಮವೂ ಈ ವರ್ಷಗಳಲ್ಲೇ ರೂಢಿಗೆ ಬಂತು. ಎಲ್ಲವನ್ನೂ ಆರಿಸಿ, ಮೊದಲು ರೂಟರ್, ಆಮೇಲೆ ಒಂದೊಂದಾಗಿ ಉಳಿದವನ್ನು ಹೊತ್ತಿಸುವುದು ಎಲ್ಲರಿಗೂ ಗೊತ್ತಿರುವ ಮೊದಲ ಹೆಜ್ಜೆ. ಪಟ್ಟಿ ಹೊಸದಾಗಿ ಶುರುವಾಗುವುದರಿಂದ ಅದು ಆ ದಿನಕ್ಕೆ ಫಲಿಸುತ್ತದೆ. ಲೀಸನ್ನು ಬಿಟ್ಟುಕೊಟ್ಟು ಹೊಸದಾಗಿ ಪಡೆಯಲು ವಿಂಡೋಸ್ 95ರಲ್ಲಿ ವಿನ್‌ಐಪಿಸಿಎಫ್‌ಜಿ ಎಂಬ ಪುಟ್ಟ ಕಿಟಕಿ ಇತ್ತು. ಎನ್‌ಟಿ ಸಾಲಿನಲ್ಲಿ ಇದ್ದ ಐಪಿಕಾನ್‌ಫಿಗ್ ಆದೇಶ ಮುಂದೆ ಎಲ್ಲೆಡೆ ಅದರ ಜಾಗ ಹಿಡಿಯಿತು. ನಿಜವಾದ ಪತ್ತೆದಾರಿಕೆ ಎಆರ್‌ಪಿ ಪಟ್ಟಿಯಿಂದ. ತಕರಾರಿನ ವಿಳಾಸದ ಎದುರು ಯಾವ ಮ್ಯಾಕ್ ವಿಳಾಸ ಇದೆ, ಅದು ಬದಲಾಗುತ್ತಿದೆಯೇ ಎಂದು ನೋಡಬೇಕು. ಮ್ಯಾಕ್ ವಿಳಾಸದ ಮೊದಲರ್ಧ ತಯಾರಕರಿಗೆ ಐಇಇಇ ಹಂಚಿದ ಗುರುತು. ಎದುರಾಳಿ ಪ್ರಿಂಟರೋ ಟಿವಿಯೋ ಕ್ಯಾಮೆರಾವೋ ಎಂದು ಅದರಿಂದ ಊಹಿಸಬಹುದು. ಬಳಿಕ ಎರಡನೆಯ ರೂಟರಿಗೆ ಬೇರೆ ವಿಳಾಸ ಕೊಟ್ಟು ಅದರ ಡಿಎಚ್‌ಸಿಪಿ ನಿಲ್ಲಿಸುವುದು, ಕಾಯಂ ವಿಳಾಸ ಬೇಕಾದವಕ್ಕೆ ರೂಟರ್‌ನಲ್ಲೇ ಮ್ಯಾಕ್ ವಿಳಾಸದ ಮೇಲೆ ಜಾಗ ಕಾದಿರಿಸುವುದು. ಎರಡೂ ಕೆಲಸಗಳ ಗುರಿ ಒಂದೇ: ಮನೆಗೆ ಒಂದೇ ಪಟ್ಟಿ ಇರಬೇಕು.

ಕೇಳಿ ಸೇರುವ ಆಪಲ್‌ಟಾಕ್ ಕ್ರಮ ಐಪಿಗೆ ಬಂದದ್ದು 1998ರಲ್ಲಿ. ವಿಂಡೋಸ್ 98 ಮತ್ತು ಮ್ಯಾಕ್ ಓಎಸ್ 8.5 ಸರ್ವರ್ ಸಿಗದಿದ್ದಾಗ 169.254ರಿಂದ ಶುರುವಾಗುವ ವಿಳಾಸವೊಂದನ್ನು ತಾವೇ ಆರಿಸಿ, ಪರೀಕ್ಷಿಸಿ, ಇಟ್ಟುಕೊಳ್ಳತೊಡಗಿದವು. 2005ರ ಮೇಯಲ್ಲಿ ಆರ್‌ಎಫ್‌ಸಿ 3927 ಇದನ್ನು ಮಾನದಂಡ ಮಾಡಿತು. ಅದರ ಲೇಖಕರಲ್ಲಿ ಒಬ್ಬರಾದ ಆಪಲ್‌ನ ಸ್ಟುವರ್ಟ್ ಚೆಶೈರ್ 2008ರ ಜುಲೈಯಲ್ಲಿ ಆರ್‌ಎಫ್‌ಸಿ 5227ರ ಮೂಲಕ ಅದೇ ಪರೀಕ್ಷೆಯನ್ನು ಎಲ್ಲ ಬಗೆಯ ಐಪಿ ವಿಳಾಸಗಳಿಗೂ ವಿಸ್ತರಿಸಿದರು. ಹಳೆಯ ಬಿಎಸ್‌ಡಿ ವಿಧಾನದಲ್ಲಿ ಒಂದು ದೋಷವಿತ್ತು: ಪ್ರಶ್ನೆಯ ಜೊತೆಗೇ ಯಂತ್ರ ತನ್ನ ಹಕ್ಕನ್ನೂ ಸಾರುತ್ತಿದ್ದುದರಿಂದ, ಆ ವಿಳಾಸವನ್ನು ಮೊದಲಿನಿಂದ ಬಳಸುತ್ತಿದ್ದವರ ಸಂಪರ್ಕ ಕಡಿಯುತ್ತಿತ್ತು. ಚೆಶೈರ್ ವಿಧಾನದಲ್ಲಿ ಪ್ರಶ್ನೆ ಕಳಿಸುವವರ ಐಪಿ ಜಾಗದಲ್ಲಿ ಸೊನ್ನೆ ಇರುತ್ತದೆ, ಯಾರ ಪಟ್ಟಿಯೂ ಕೆಡುವುದಿಲ್ಲ. ಮೂರು ಬಾರಿ ಕೇಳಿ, ಯಾರೂ ಮಾತಾಡದಿದ್ದರೆ ವಿಳಾಸ ತನ್ನದೆಂದು ಎರಡು ಬಾರಿ ಸಾರಬೇಕು. ಆಮೇಲೆ ಯಾರಾದರೂ ತಕರಾರು ತೆಗೆದರೆ ಒಮ್ಮೆ ಎದುರಿಸಬಹುದು. ಹತ್ತು ಸೆಕೆಂಡಿನೊಳಗೆ ಮತ್ತೆ ತಕರಾರು ಬಂದರೆ ಸಾಮಾನ್ಯ ಯಂತ್ರ ಆ ವಿಳಾಸವನ್ನು ಬಿಟ್ಟುಕೊಡಬೇಕು. ಇಷ್ಟು ಚಿಕ್ಕ ನಿಯಮ ಇಷ್ಟು ತಡವಾಗಿ ಬಂದರೂ ಬಹಳ ದೊಡ್ಡ ಉಪಕಾರ ಮಾಡಿದೆ.

2011ರ ಫೆಬ್ರವರಿ 3ರಂದು ಜಾಗತಿಕ ಸಂಗ್ರಹದ ಕೊನೆಯ ಐಪಿವಿ4 ಗುಂಪುಗಳು ಹಂಚಿಹೋದವು. 128 ಬಿಟ್‌ಗಳ ಐಪಿವಿ6ರಲ್ಲಿ, ಬಳಸುವ ಮುನ್ನ ವಿಳಾಸ ಬೇರೆಯವರದಲ್ಲವೆಂದು ಪರೀಕ್ಷಿಸುವುದು ನಿಯಮದ ಭಾಗ; ಮನೆಯೊಂದರ ಒಳಗೇ 64 ಬಿಟ್‌ಗಳ ಜಾಗ ಇರುವುದರಿಂದ ತಾನಾಗಿ ಆರಿಸಿದ ಎರಡು ಸಂಖ್ಯೆಗಳು ಕೂಡುವುದೇ ಅಪರೂಪ. ಭಾರತದಲ್ಲಿ 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಮೊದಲಿನಿಂದಲೂ ಐಪಿವಿ6 ಬಳಸಿದೆ. ಆದರೆ ಮನೆಯೊಳಗಿನ ಪ್ರಿಂಟರ್, ಕ್ಯಾಮೆರಾ, ಹಳೆಯ ಟಿವಿಗಳು ಐಪಿವಿ4ರಲ್ಲೇ ಇವೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಫೋನುಗಳು ಖಾಸಗಿತನದ ಸಲುವಾಗಿ ಪ್ರತಿ ವೈಫೈಗೂ ಬೇರೆ ಮ್ಯಾಕ್ ವಿಳಾಸ ತೋರಿಸುತ್ತವೆ. ಹೀಗಾಗಿ ಕಾರ್ಖಾನೆಯ ಮ್ಯಾಕ್ ವಿಳಾಸ ನೋಡಿ ಫೋನಿಗೆ ಕಾದಿರಿಸಿದ ಜಾಗ ಈಗ ಅದಕ್ಕೆ ಸಿಗುವುದಿಲ್ಲ. ಆ ಮನೆಯ ವೈಫೈಗೆ ಫೋನು ತೋರಿಸುವ ಮ್ಯಾಕ್ ವಿಳಾಸವನ್ನೇ ರೂಟರ್‌ನಲ್ಲಿ ಬರೆಯಬೇಕು, ಇಲ್ಲವೇ ಆ ಒಂದು ವೈಫೈಗೆ ಮಾತ್ರ ಫೋನಿನ ಈ ಸೌಲಭ್ಯವನ್ನು ನಿಲ್ಲಿಸಬೇಕು.