ನಾಗನ ಮಣಿ, ಡ್ರ್ಯಾಗನ್ನಿನ ಮುತ್ತು

ಯಲಹಂಕದ ಸುತ್ತಲಿನ ಹಳೆಯ ಊರುಗಳ ಅರಳಿಕಟ್ಟೆಗಳಲ್ಲಿ ನಾಗರಕಲ್ಲುಗಳನ್ನು ನಾವೆಲ್ಲ ಕಂಡಿದ್ದೇವೆ. ಮಕ್ಕಳಾಗಲೆಂದು ಹರಕೆ ಹೊತ್ತವರು ನಿಲ್ಲಿಸಿದ ಕಲ್ಲುಗಳವು. ಕೆಲವದರಲ್ಲಿ ಹೆಣೆದುಕೊಂಡ ಎರಡು ಸರ್ಪಗಳು, ನಡುವೆ ಪುಟ್ಟ ಲಿಂಗ. ಚೀನಾದ ಹಳೆಯ ಹಾರೈಕೆಯ ನಾಣ್ಯಗಳಲ್ಲೂ ಇಂಥದೇ ಚಿತ್ರವಿದೆ: ಎರಡು ಡ್ರ್ಯಾಗನ್, ನಡುವೆ ಒಂದು ಮುತ್ತು.

ಈ ನಾಣ್ಯಗಳು ಸಂತೆಯ ವ್ಯಾಪಾರಕ್ಕಲ್ಲ. ಹಾನ್ ರಾಜವಂಶದ ಕಾಲದಿಂದ, ಅಂದರೆ ಸುಮಾರು 2000 ವರ್ಷಗಳಿಂದ, ಚೀನೀಯರು ಇವನ್ನು ಎರಕ ಹೊಯ್ದು ಮೈಮೇಲೆ ಧರಿಸಿದರು, ಮನೆಯಲ್ಲಿ ತೂಗುಹಾಕಿದರು. ಚಲಾವಣೆಯ ನಾಣ್ಯದಲ್ಲಿ ಸಾಮಾನ್ಯವಾಗಿ ಬರಹವಷ್ಟೇ. ಇವುಗಳಲ್ಲಿ ಚಿತ್ರವೂ ಉಂಟು, ಆಯುಸ್ಸು ಸಂಪತ್ತುಗಳ ಹಾರೈಕೆಯೂ ಉಂಟು. ಅಲ್ಲಿ ಡ್ರ್ಯಾಗನ್ ಕೇಡಿನ ಮೃಗವಲ್ಲ. ಮಳೆ ತರುವವನು, ಚಕ್ರವರ್ತಿಯ ಲಾಂಛನ. ಅದರ ಮುತ್ತನ್ನು ಕೆಲವರು ಚಂದ್ರನೆಂದರು, ಕೆಲವರು ಗುಡುಗೆಂದರು. ಬೌದ್ಧರು ಬೇಡಿದ್ದನ್ನು ಕೊಡುವ ಚಿಂತಾಮಣಿ ಎಂದರು.

ಈ ಕೊನೆಯ ಅರ್ಥ ಹೋದದ್ದು ಭಾರತದಿಂದ. ಡ್ರ್ಯಾಗನ್ನಿನ ಗದ್ದದಡಿಯ ಮುತ್ತಿನ ಕಥೆ ಬೌದ್ಧಧರ್ಮ ಬರುವ ಮೊದಲೇ ಚೀನಾದ 'ಝುವಾಂಗ್‌ಝಿ' ಗ್ರಂಥದಲ್ಲಿತ್ತು. ಆದರೆ ಬೌದ್ಧ ಗ್ರಂಥಗಳು ಅನುವಾದವಾದಾಗ 'ನಾಗ' ಎಂಬ ಶಬ್ದಕ್ಕೆ ಡ್ರ್ಯಾಗನ್ನಿನ ಹೆಸರನ್ನೇ ಬಳಸಲಾಯಿತು. ಚೀನೀ ಭಾಷೆಗೆ ಬಂದ 'ಸದ್ಧರ್ಮ ಪುಂಡರೀಕ'ದಲ್ಲಿ ನಾಗರಾಜ ಸಾಗರನ ಎಂಟು ವರ್ಷದ ಮಗಳು ಬುದ್ಧನಿಗೆ ಮಣಿಯೊಂದನ್ನು ಅರ್ಪಿಸುತ್ತಾಳೆ. ಹೆಡೆಯಲ್ಲಿ ಮಣಿ ಹೊತ್ತ ನಾಗನ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಅವಳು ಪರಕೀಯಳಲ್ಲ.

ಡ್ರ್ಯಾಗನ್ ಪಶ್ಚಿಮಕ್ಕೂ ನಡೆಯಿತು. 13ನೇ ಶತಮಾನದಲ್ಲಿ ಮಂಗೋಲರು ಇರಾನನ್ನು ಗೆದ್ದ ಮೇಲೆ ಅಲ್ಲಿನ ಚಿತ್ರಕಾರರು 'ಶಾಹನಾಮಾ'ದ ಅಜ್ದಹಾಗಳಿಗೆ ಚೀನೀ ಡ್ರ್ಯಾಗನ್ನಿನ ಮೈಕಟ್ಟು ಕೊಟ್ಟರು. ಉರ್ದುವಿಗೂ ಬಂದ ಈ 'ಅಜ್ದಹಾ' ಪದದ ಮೂಲದಲ್ಲಿರುವ ಇರಾನಿನ 'ಅಜಿ', ಸಂಸ್ಕೃತದ 'ಅಹಿ'ಯ ಸೋದರ. ಎರಡಕ್ಕೂ ಸರ್ಪವೆಂದೇ ಅರ್ಥ.

ಮಗುವಿನ ತೋಳಿಗೆ ಕಟ್ಟುವ ತಾಯಿತವನ್ನೇ ನೋಡಿ. ಅಪ್ಪಟ ಕನ್ನಡವೆಂದು ನಾವು ತಿಳಿದ ಆ ಶಬ್ದದ ಹಿಂದೆ ಅರಬಿಯ 'ತಅವೀಜ್' ಇದೆ. ಆಶ್ರಯ ಬೇಡುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಇವುಗಳಲ್ಲಿ ನಂಬಿಕೆ ಇಡಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ. ಯಾವ ಚಿಹ್ನೆ ಯಾರದು, ಯಾವ ಶಬ್ದ ಯಾವ ಧರ್ಮದ್ದು ಎಂದು ಬೇಲಿ ಹಾಕಲು ಹೊರಟವರು ಮಾತ್ರ ತಮ್ಮ ಮನೆಯ ತೊಟ್ಟಿಲನ್ನೊಮ್ಮೆ ನೋಡಿಕೊಳ್ಳಬೇಕು. ಕೂಸಿಗೆ ಕೇಡು ತಟ್ಟದಿರಲಿ ಎಂಬ ತಾಯಿಯ ಬೇಡಿಕೆ ಚೀನಾದಲ್ಲೂ ಅರಬಸ್ಥಾನದಲ್ಲೂ ಯಲಹಂಕದಲ್ಲೂ ಒಂದೇ.