ಕೋವಿಯ ಉಪಾಂಗಗಳು

ಆಯುಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಯುಧದ ಹೆಸರನ್ನೂ ಅದನ್ನು ಹಿಡಿದ ಅರಸನ ಹೆಸರನ್ನೂ ಹೇಳಿ ಮುಗಿಸುವರು. ಆ ಆಯುಧವು ನಿಜವಾಗಿ ಹೇಗೆ ನಡೆಯುತ್ತಿತ್ತು, ಅದರಿಂದ ಯಾವ ತೊಡಕು ಉಂಟಾಗುತ್ತಿತ್ತು, ಆ ತೊಡಕನ್ನು ಹೇಗೆ ಕಳೆದರು ಎಂಬುದನ್ನು ತಿಳಿಯಬೇಕಾದರೆ ಅದರ ಸಣ್ಣ ಪರಿಕರಗಳನ್ನು ನೋಡಬೇಕು. ಕೋವಿಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುವುದು. ಅದರ ಒಂದೊಂದು ಉಪಾಂಗವೂ ಅದರ ಒಂದೊಂದು ದೋಷಕ್ಕೆ ಪರಿಹಾರವಾಗಿ ಹುಟ್ಟಿದುದು.

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದವು ವಿಸ್ತಾರವಾಗಿ ವರ್ಣಿತವಾಗಿದೆ, ಅಲ್ಲಿ ಕೋವಿಯಿಲ್ಲ. ಶುಕ್ರನೀತಿಯಲ್ಲಾದರೋ ನಾಲಿಕವೆಂಬ ಹೆಸರಿನಿಂದ ಕೋವಿಯ ಪೂರ್ಣ ಲಕ್ಷಣವೇ ದೊರೆಯುತ್ತದೆ. ಐದು ಗೇಣು ಉದ್ದದ ನಳಿಗೆ, ಮರದ ಹಿಡಿ, ಮದ್ದನ್ನು ಜಡಿಯುವ ಸಲಾಕೆ, ಕಿಡಿ ಹುಟ್ಟಿಸುವ ಕಲ್ಲು, ಗುರಿ ನೋಡುವುದಕ್ಕಾಗಿ ಬುಡದಲ್ಲಿಯೂ ತುದಿಯಲ್ಲಿಯೂ ಎಳ್ಳಿನಷ್ಟು ಗಾತ್ರದ ಎರಡು ಬಿಂದುಗಳು, ಇವೆಲ್ಲವೂ ಅಲ್ಲಿ ಉಕ್ತವಾಗಿವೆ. ಮದ್ದಿಗೆ ಐದು ಪಲ ಪೆಟ್ಲುಪ್ಪು, ಒಂದು ಪಲ ಗಂಧಕ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಲು ಒಂದು ಪಲ ಎಂಬ ಪ್ರಮಾಣವೂ ಉಂಟು. ಇದನ್ನು ನೋಡಿ ನಮ್ಮ ಪ್ರಾಚೀನರಲ್ಲಿ ಕೋವಿಯಿತ್ತೆಂದು ಹಿಗ್ಗಿದವರು ಹಲವರು. ಆದರೆ ಕಲ್ಲಿನಿಂದ ಕಿಡಿ ಹೊಡೆಯುವ ಯಂತ್ರವು ಯೂರೋಪಿನಲ್ಲಿ 16ನೆಯ ಶತಮಾನದಲ್ಲಿ ಹುಟ್ಟಿ 17ನೆಯದರಲ್ಲಿ ಪರಿಷ್ಕಾರ ಹೊಂದಿದುದು. ಆದುದರಿಂದ ಆ ಗ್ರಂಥಭಾಗವು ಅರ್ವಾಚೀನವೆಂದೇ ಹೇಳಬೇಕಾಗುತ್ತದೆ. ಒಂದು ಚಕಮಕಿ ಕಲ್ಲು ಒಂದು ಗ್ರಂಥದ ಕಾಲವನ್ನೇ ಪ್ರಶ್ನಿಸಬಲ್ಲುದು; ಉಪಾಂಗದ ಸಾಕ್ಷ್ಯಕ್ಕೆ ಇಷ್ಟು ಬಲವಿದೆ.

ನಮ್ಮ ನಗರಕ್ಕೆ ಹತ್ತು ಮೈಲಿ ದೂರದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಗಳು ಇಂತಹ ಚಕಮಕಿ ಕೋವಿಗಳನ್ನು ತಯಾರಿಸಿದುವು. ಹುಲಿಮುಖದ ಬೆಳ್ಳಿಯ ಕೆತ್ತನೆಯುಳ್ಳ ಕೆಲವು 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಇಂಗ್ಲೆಂಡನ್ನು ಸೇರಿದುವು. ನೋಡುವವರು ಕೆತ್ತನೆಯನ್ನು ಕೊಂಡಾಡುವರು. ಬೇಟೆಗಾರನ ಚಿಂತೆಯೇ ಬೇರೆ. ಬಟ್ಟಲಿನ ಮದ್ದು ಮಂಜಿಗೆ ನೆನೆದರೆ ಕೋವಿ ಹಾರದು. ಹಾರಿದರೂ ಮೊದಲು ಬಟ್ಟಲಿನಲ್ಲಿ ಬೆಳಕು, ಆಮೇಲೆ ಈಡು. ಈ ಎರಡರ ನಡುವೆ ಹಕ್ಕಿಯು ಹಾರಿಹೋಗುವುದೆಂದು ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫಾರ್ಸೈತನು ಪೆಟ್ಟಿನಿಂದಲೇ ಸಿಡಿಯುವ ಮದ್ದನ್ನು ಬಳಸಿ 1807ರಲ್ಲಿ ಅದಕ್ಕೆ ಸನ್ನದು ಪಡೆದನು. ನಮ್ಮ ಮಲೆನಾಡಿನ ಕೇಪಿನ ಕೋವಿಯು ಆ ಕಲ್ಪನೆಯ ಸಂತಾನವೇ.

ಕೇಪಿನ ಕೋವಿಯವನು ಹೊರಡುವಾಗ ಒಂದು ಪುಟ್ಟ ಸಂಸಾರವೇ ಅವನೊಡನೆ ಹೊರಡಬೇಕಾಗಿತ್ತು: ಮದ್ದಿನ ಕೊಂಬು, ಗುಂಡು ಮತ್ತು ಚರೆಗಳ ಚೀಲ, ಜಡಿಯುವುದಕ್ಕೆ ತೆಂಗಿನ ನಾರು, ಕೇಪಿನ ಡಬ್ಬಿ, ಸಲಾಕೆ. ಸಲಾಕೆಯು ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿತೆಂದು ನೋಡಿ ಮದ್ದಿನ ಪ್ರಮಾಣವನ್ನು ಅರಿಯುತ್ತಿದ್ದರು. ಒಂದು ಬೆರಳು ಹೆಚ್ಚಾದರೆ ನಳಿಗೆ ಸೀಳುವ ಭಯ. ಕಡಮೆಯಾದರೆ ಮೃಗವು ಗಾಯಗೊಂಡು ತಪ್ಪಿಸಿಕೊಳ್ಳುವ ಭಯ. ಈ ಎರಡನೆಯದೇ ಹೆಚ್ಚು ಘೋರವಾದುದು. ಅರೆಗಾಯದ ಹುಲಿಯ ಸಾಲವನ್ನು ಈಡುಗಾರನಲ್ಲ, ಮರುದಿನ ಸೌದೆಗೆ ಹೋದ ಹೆಂಗಸು ತೀರಿಸಬೇಕಾಗುತ್ತಿತ್ತು. ಆದುದರಿಂದ ಪರಿಕರಗಳ ಆಯ್ಕೆಯು ಶೋಕಿಯ ವಿಷಯವಲ್ಲ, ಧರ್ಮದ ವಿಷಯ.

ತೋಟೆಯ ಕೋವಿಯೂ ನಳಿಗೆಯೊಳಗೆ ಸುರುಳಿಗೆರೆಗಳುಳ್ಳ ರೈಫಲ್ಲೂ ಬಂದ ಮೇಲೆ ಕೊಂಬು ಚೀಲಗಳು ಅಟ್ಟ ಸೇರಿದುವು. ಚಿಂತೆ ಮಾತ್ರ ತೀರಲಿಲ್ಲ. ಮೈಸೂರು ಸೀಮೆಯಲ್ಲಿ 1874ರಲ್ಲಿ ಆನೆಗಳ ಖೆಡ್ಡಾ ನಡೆಯಿಸಿದ ಸ್ಯಾಂಡರ್ಸನ್ನನು ತನ್ನ ಅನುಭವಗಳನ್ನು 1878ರ ಗ್ರಂಥದಲ್ಲಿ ಬರೆದಿದ್ದಾನೆ. ದಟ್ಟಕಾಡಿನಲ್ಲಿ ಮೃಗವು ಕಾಣುವುದೇ ಕೆಲವು ಮಾರು ದೂರದಲ್ಲಿ, ಅದೂ ಕ್ಷಣಮಾತ್ರ. ಅಲ್ಲಿ ದುರ್ಬೀನಿಗಿಂತ, ಅಗಲವಾದ ಹಿಂಗುರಿಯೂ ಮಬ್ಬಿನಲ್ಲಿಯೂ ಬೆಳ್ಳಗೆ ತೋರುವ ದಂತದ ಮುಂಗುರಿಯೂ ಹೆಚ್ಚು ಉಪಯುಕ್ತ. ದುರ್ಬೀನನ್ನು ಕಣ್ಣಿಗೆ ತೀರ ಹತ್ತಿರ ಕೂರಿಸಿದರೆ ಕೋವಿಯ ಒದೆತಕ್ಕೆ ಹುಬ್ಬೇ ಒಡೆಯುವುದು. ಹಳೆಯ ಕೇಪುಗಳ ಸಿಡಿಮದ್ದು ನಳಿಗೆಯಲ್ಲಿ ಒಂದು ಬಗೆಯ ಉಪ್ಪನ್ನು ಬಿಡುತ್ತಿತ್ತು. ಅದು ತೇವವನ್ನು ಹೀರಿ ತುಕ್ಕು ಹಿಡಿಸುವುದು. ಬರಿಯ ಎಣ್ಣೆಗೆ ಆ ಉಪ್ಪು ಕರಗದು. ಕುದಿಯುವ ನೀರಿನಿಂದ ತೊಳೆದು, ಚೆನ್ನಾಗಿ ಒರಸಿ, ಆಮೇಲೆ ಎಣ್ಣೆ ಸವರಬೇಕಾಗಿತ್ತು. ನಮ್ಮ ಮಳೆಗಾಲಕ್ಕೆ ಈ ವಿಧಿ ಅನಿವಾರ್ಯವಾಗಿತ್ತು.

ಈ ಪರಿಪೂರ್ಣತೆಯೇ ವಿಪತ್ತಿಗೂ ದಾರಿಯಾಯಿತು. ಗುರಿಯು ಸೂಕ್ಷ್ಮವಾದಷ್ಟೂ ಕಾಡು ಬರಿದಾಯಿತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರ ಪ್ರಸಿದ್ಧ ಕಾರ್ಖಾನೆಯು 1900ರಿಂದ 1999ರ ವರೆಗೆ ಸಾವಿರಾರು ಹುಲಿ ಚಿರತೆಗಳ ಚರ್ಮಗಳಿಗೆ ಜೀವಕಳೆಯನ್ನು ಕೊಟ್ಟಿತು. ಜೀವವನ್ನು ಕೊಡಲು ಯಾರಿಂದಲೂ ಆಗಲಿಲ್ಲ. ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದ ಪ್ರದೇಶವು 1941ರಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ವಿನೋದದ ಬೇಟೆಯ ಯುಗವು ಮುಗಿಯಿತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಒಳಪಟ್ಟಿತು.

ಬೇಟೆಯು ಹೋದರೂ ಲಕ್ಷ್ಯವೇಧವು ಉಳಿದಿದೆ. ಕೊಡಗಿನಲ್ಲಿ ಕೈಲ್ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿಯುಂಟು. ಅತ್ತ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹತ್ತು ಮೀಟರ್ ದೂರದ ಗಾಳಿಕೋವಿಯ ಗುರಿಯ ನಟ್ಟನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕವನ್ನು ಗೆದ್ದುದು ಈ ವಿಭಾಗದಲ್ಲಿಯೇ. ಅಲ್ಲಿ ಬಳಸುವ ರಂಧ್ರದ ಹಿಂಗುರಿಯೂ ಮುಂಗುರಿಯೂ ಶುಕ್ರನೀತಿಯ ಎರಡು ತಿಲಬಿಂದುಗಳ ವಿಸ್ತಾರವಲ್ಲದೆ ಮತ್ತೇನು?

ಇಷ್ಟು ಹೇಳಿದುದರ ಉದ್ದೇಶವೊಂದಿದೆ. ದೇವರಾಜ ಮೊಹಲ್ಲಾದಂತಹ ಹಳೆಯ ಬಡಾವಣೆಗಳಲ್ಲಿ ಮನೆಗಳನ್ನು ಕೆಡವುವಾಗ ಅಟ್ಟದ ಸಾಮಾನುಗಳು ಗುಜರಿಗೆ ಹೋಗುತ್ತವೆ. ಕೋವಿಗೆ ಪರವಾನಗಿಯುಂಟು, ಲೆಕ್ಕವುಂಟು; ಬರಿದಾದ ಮದ್ದಿನ ಕೊಂಬಿಗೆ, ಗುಂಡು ಎರೆಯುವ ಅಚ್ಚಿಗೆ, ಸವೆದ ತೊಗಲಿನ ಚೀಲಕ್ಕೆ ಲೆಕ್ಕವಿಡುವವರಿಲ್ಲ. ಇವು ಹೋದರೆ ವಸ್ತುಸಂಗ್ರಹಾಲಯದ ಕೋವಿಯು ಮಾತಿಲ್ಲದ ಕಬ್ಬಿಣವಾಗುವುದು. ಮದ್ದು, ಕೇಪು, ತೋಟೆಗಳು ಸಿಕ್ಕಿದರೆ ಮುಟ್ಟದೆ ಆರಕ್ಷಕ ಠಾಣೆಗೆ ತಿಳಿಸತಕ್ಕದ್ದು. ಉಳಿದುವನ್ನು ಮಾರುವ ಮೊದಲು, ಅವು ಯಾರವು, ಯಾವ ಊರಿನವು, ಹೇಗೆ ಬಳಕೆಯಾಗುತ್ತಿದ್ದುವು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟು, ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರೆ ನಾಡಿನ ಚರಿತ್ರೆಗೆ ದೊಡ್ಡ ಉಪಕಾರವಾಗುವುದು.