ಹೆಣ್ಣಿನ ಶೃಂಗಾರ, ಪೊಲೀಸರ ಜಪ್ತಿ: ‘ರಾಧಿಕಾ ಸಾಂತ್ವನಮು’ ಪ್ರಕರಣದ ಮರುವಿಚಾರ

ಅಶ್ಲೀಲತೆ ಮತ್ತು ನಿಷೇಧದ ಬಗೆಗಿನ ಸ್ತ್ರೀವಾದಿ ಚರ್ಚೆಯನ್ನು 1980ರ ದಶಕದ ಅಮೆರಿಕದಿಂದ ಆರಂಭಿಸುವುದು ವಾಡಿಕೆ. ಅದರ ಒಂದು ಮುಖ್ಯ ಪ್ರಶ್ನೆಯನ್ನು ಏಳು ದಶಕ ಮೊದಲೇ ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ವಿದುಷಿಯೊಬ್ಬರು ಅಚ್ಚಿನಲ್ಲಿ ಎತ್ತಿದ್ದರು.

ಆ ವಿದುಷಿ, ಬೆಂಗಳೂರು ನಾಗರತ್ನಮ್ಮ (1878–1952), ಇಂದು ನೆನಪಾಗುವುದು ತಿರುವೈಯಾರಿನಲ್ಲಿ ಕಟ್ಟಿಸಿದ ವಾಗ್ಗೇಯಕಾರ ತ್ಯಾಗರಾಜರ ಸಮಾಧಿಯಿಂದ. ಗ್ರಂಥಸಂಪಾದಕಿಯಾಗಿ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ ಪ್ರತಾಪಸಿಂಹನ ಆಸ್ಥಾನದ ಮುದ್ದುಪಳನಿ ರಚಿಸಿದ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’. ಇದರಲ್ಲಿ ಬಯಸುವವಳೂ ಮುನಿಯುವವಳೂ ರಾಧೆ. ಕಾಲಿಗೆ ಬಿದ್ದು ಸಮಾಧಾನಪಡಿಸಬೇಕಾದವನು ಕೃಷ್ಣ. ಆಗ ಸಿಗುತ್ತಿದ್ದ ಮುದ್ರಣದಲ್ಲಿ ಕೆಲವು ಪದ್ಯಗಳೂ ಕವಯಿತ್ರಿಯ ಪೀಠಿಕೆಯೂ ಇರಲಿಲ್ಲ. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಪೂರ್ಣಪಾಠವನ್ನು ಹೊರತಂದರು.

ವಿಧವಾವಿವಾಹಕ್ಕಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರೇ ಮುದ್ದುಪಳನಿಯನ್ನು ನಡತೆಗೆಟ್ಟವಳೆಂದು ಜರೆದಿದ್ದರು. ಹೆಣ್ಣು ಕೇಳಲೂಬಾರದ ಮಾತು ಹೆಣ್ಣಿನ ಬಾಯಿಂದಲೇ ಬಂದಿದೆ ಎಂಬುದು ಅವರ ಆಕ್ಷೇಪ. ನಾಗರತ್ನಮ್ಮ ಬಿಡಲಿಲ್ಲ. ಸಂಕೋಚವೆಂಬುದು ಹೆಂಗಸರಿಗೆ ಮಾತ್ರವೇ, ಗಂಡಸರಿಗಿಲ್ಲವೇ ಎಂದು ಕೇಳಿದರು. ಪಂತುಲು ಅವರೇ ಪರಿಷ್ಕರಿಸಿ ಪ್ರಕಟಣೆಗೆ ಒಪ್ಪಿದ್ದ ‘ವೈಜಯಂತೀವಿಲಾಸಮು’ ಕೃತಿಯನ್ನು ಮುಂದಿಟ್ಟು, ಅದರ ವರ್ಣನೆಗಳು ಇದಕ್ಕಿಂತ ಹಸಿಯಾಗಿವೆ ಎಂದರು. ಈ ವಾದಕ್ಕೆ ಉತ್ತರವಾಗಿ ಬಂದದ್ದು ಪೊಲೀಸರು. 1911ರಲ್ಲಿ ಪ್ರತಿಗಳು ಜಪ್ತಿಯಾದವು. ಇದರ ವಿರುದ್ಧ ಪಂಡಿತರು ಸಲ್ಲಿಸಿದ ಮನವಿ ಫಲಿಸಲಿಲ್ಲ. ಮದರಾಸು ಪ್ರಾಂತದ ಸರ್ಕಾರದ ಮುಖ್ಯಸ್ಥರಾಗಿದ್ದ ಟಂಗುಟೂರಿ ಪ್ರಕಾಶಂ ಪುಸ್ತಕದ ಮೇಲಿನ ನಿಷೇಧವನ್ನು ತೆಗೆದದ್ದು 1947ರಲ್ಲಿ.

ಹಾಗಾದರೆ ನಿಷೇಧವೇ ಬೇಡವೆ? ಪ್ರಶ್ನೆ ಅಷ್ಟು ಸರಳವಲ್ಲ. 1983ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕಾಗಿ ಸ್ತ್ರೀವಾದಿಗಳಾದ ಆಂಡ್ರಿಯಾ ಡ್ವಾರ್ಕಿನ್ ಮತ್ತು ಕ್ಯಾಥರೀನ್ ಮೆಕಿನನ್ ರೂಪಿಸಿದ ಅಶ್ಲೀಲ ಚಿತ್ರಣ ವಿರೋಧಿ ಕಾಯಿದೆಯ ಕರಡು, ನೋಡುವವನ ಶೀಲ ಕೆಡುತ್ತದೆಯೇ ಎಂಬ ಹಳೆಯ ಕಾಳಜಿಯನ್ನು ಕೈಬಿಟ್ಟು, ಚಿತ್ರಣದಿಂದ ಹೆಣ್ಣಿಗಾದ ಹಾನಿಯನ್ನು ಕೇಂದ್ರಕ್ಕೆ ತಂದಿತು. ಮೊಕದ್ದಮೆ ಹೂಡುವ ಹಕ್ಕನ್ನು ನೊಂದವಳಿಗೇ ಕೊಡಬಯಸಿತು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಅಲ್ಲಿನ ಮೇಯರ್ ಸಹಿ ಹಾಕಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಅಂಗೀಕಾರಗೊಂಡ ಅಂಥದೇ ಕಾಯಿದೆಯನ್ನು 1985ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಗೊಳಿಸಿತು. ಅದನ್ನು ವಿರೋಧಿಸಿದವರಲ್ಲಿ ಸ್ತ್ರೀವಾದಿಗಳೂ ಇದ್ದರು: ಇಂಥ ಅಸ್ತ್ರ ಹೆಣ್ಣಿನ ಕಾಮದ ಅಭಿವ್ಯಕ್ತಿಗೇ ತಿರುಗೀತು ಎಂಬುದು ಅವರ ಭಯ. ಮದರಾಸಿನ ಜಪ್ತಿಯನ್ನು ಬಲ್ಲವರು ಆ ಭಯವನ್ನು ತಳ್ಳಿಹಾಕಲಾರರು.

ಭಾರತದ 1986ರ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯಿದೆ ಈ ಎರಡು ನೆಲೆಗಳನ್ನು ಬೆರೆಸಿಬಿಟ್ಟಿತು. ಹೆಣ್ಣನ್ನು ಹೀನೈಸುವುದೂ ಸಾರ್ವಜನಿಕ ನೀತಿಯನ್ನು ಕೆಡಿಸುವುದೂ ಒಂದೇ ವ್ಯಾಖ್ಯೆಯೊಳಗೆ ಕುಳಿತಿವೆ. ಮೊದಲನೆಯದು ಹೆಣ್ಣಿನ ಘನತೆಯ ಮಾತು. ಎರಡನೆಯದು ಮುದ್ದುಪಳನಿಯ ಬಾಯಿ ಮುಚ್ಚಿಸಿದ ಮಾತು. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಇ ಕಲಂ ಸರಿಯಾದ ದಾರಿ ತೋರುತ್ತದೆ: ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹರಡುವುದು ಅಪರಾಧ. ಅಲ್ಲಿನ ಒರೆಗಲ್ಲು ಒಪ್ಪಿಗೆ, ನೋಡುಗರ ನೈತಿಕತೆಯಲ್ಲ. 1986ರ ಕಾಯಿದೆಯನ್ನು ತಿದ್ದುವುದಾದರೆ ‘ಸಾರ್ವಜನಿಕ ನೀತಿ’ಯ ಮಾತನ್ನು ಕಿತ್ತುಹಾಕಿ, ಒಪ್ಪಿಗೆಯನ್ನೂ ಹಾನಿಯನ್ನೂ ಅದರ ಆಧಾರವಾಗಿಸಬೇಕು.